ಲಿಂಗತ್ವ, ಜನಾಂಗ, ಬುಡಕಟ್ಟು: ವಿಶ್ವವಿದ್ಯಾಲಯದಲ್ಲಿ ಓದಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಪದವಿ ಮುಗಿಸುತ್ತಿರುವ ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಶೋಧನೆಗೆ ನೋಂದಾಯಿಸಲು ಹೊರಟವರು ಎದುರು ಕುಳಿತೂ ಪತ್ರ ಬರೆದೂ ಕೇಳುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬರುವಂಥವನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಉಳಿಸಿಕೊಳ್ಳಲಾಗಿದೆ.

## ಮೊದಲ ತಿಳಿವಳಿಕೆಗೆ

ಲಿಂಗ, ಜನಾಂಗ, ಬುಡಕಟ್ಟು ಎಲ್ಲವನ್ನೂ ಸೇರಿಸಿ ಓದುವುದು ಅಂದರೆ ನಿಜವಾಗಿ ಏನು ಓದುತ್ತಾರೆ?

ಮನುಷ್ಯರ ನಡುವೆ ವ್ಯತ್ಯಾಸಗಳಿವೆ ಎಂದು ತಿಳಿಯಲು ಯಾರೂ ವಿಶ್ವವಿದ್ಯಾಲಯಕ್ಕೆ ಹೋಗಬೇಕಾಗಿಲ್ಲ. ಆ ವ್ಯತ್ಯಾಸಗಳಲ್ಲಿ ಕೆಲವು ಮಾತ್ರವೇ ಕೂಲಿಯ ದರ, ಆಸ್ತಿಯ ಹಕ್ಕು, ಮದುವೆಯ ಗಡಿ, ಪೊಲೀಸ್ ಠಾಣೆಯಲ್ಲಿ ಸಿಗುವ ಮರ್ಯಾದೆ ಇವನ್ನೆಲ್ಲ ಹೇಗೆ ನಿರ್ಧರಿಸತೊಡಗಿದವು, ಅದಕ್ಕೆ ಯಾವ ಕಾನೂನು, ಯಾವ ಜನಗಣತಿ, ಯಾವ ಮನೆಯ ರೂಢಿ ಕಾರಣವಾಯಿತು ಎಂಬುದೇ ಇಲ್ಲಿನ ಓದಿನ ವಸ್ತು. ಗದ್ದೆಯಲ್ಲಿ ಉಳುಮೆ ಗಂಡಾಳಿನ ಕೆಲಸ, ನಾಟಿ ಮತ್ತು ಕಳೆ ಹೆಣ್ಣಾಳಿನ ಕೆಲಸ ಎಂಬ ಹಂಚಿಕೆ ನಮಗೆಲ್ಲ ಗೊತ್ತು. ಸಮಾನ ವೇತನ ಕಾಯ್ದೆ 1976ರಲ್ಲೇ ಬಂದಿದ್ದರೂ ಹೆಣ್ಣಾಳಿನ ಕೂಲಿ ಕಡಿಮೆಯಾಗಿ ಉಳಿಯಲು ಈ ಹಂಚಿಕೆಯೇ ನೆಪವಾಗುತ್ತದೆ, ಏಕೆಂದರೆ ಕೆಲಸವೇ ಬೇರೆ ಎಂದಮೇಲೆ ಕೂಲಿಯನ್ನು ಹೋಲಿಸುವ ಮಾತೇ ಏಳುವುದಿಲ್ಲ. ಸೊಂಟ ಬಗ್ಗಿಸಿ ದಿನವಿಡೀ ಕೆಸರಿನಲ್ಲಿ ನಿಲ್ಲಿಸುವ ನಾಟಿಯನ್ನು ಹಗುರ ಕೆಲಸವೆಂದು ತೀರ್ಮಾನಿಸಿದವರು ಯಾರು ಎಂದು ಕೇಳುವಲ್ಲಿಂದ ಅಧ್ಯಯನ ಶುರುವಾಗುತ್ತದೆ. ಆ ಗದ್ದೆಯಲ್ಲಿ ನಾಟಿಗೆ ಬರುವವರು ಯಾವ ಕೇರಿಯವರು, ಗದ್ದೆ ಯಾರದು ಎಂಬ ಪ್ರಶ್ನೆಗಳೂ ಬೆನ್ನಿಗೇ ಬರುವುದರಿಂದ ಲಿಂಗವನ್ನೊಂದು ಕಡೆ, ಜಾತಿ ಮತ್ತು ಬುಡಕಟ್ಟನ್ನು ಇನ್ನೊಂದು ಕಡೆ ಇಟ್ಟು ಓದಲಾಗದು.

ಮಹಿಳಾ ಅಧ್ಯಯನ ಹುಡುಗಿಯರಿಗೆ ಮಾತ್ರ ತಾನೇ? ನನ್ನ ಮಗ ಸೇರಬಹುದೇ?

ವಿಷಯಕ್ಕೆ ಅಂಥ ಕಟ್ಟುಪಾಡಿಲ್ಲ. ಮಹಿಳಾ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಹುಡುಗರಿಗೆ ಪ್ರವೇಶವಿರುವುದಿಲ್ಲ, ಉಳಿದ ಕಡೆ ಇದೆ. ಗಂಡಸುತನವನ್ನು ಮನೆ, ಶಾಲೆ, ಗರಡಿಮನೆ, ಸಿನಿಮಾಗಳು ಹೇಗೆ ಕಲಿಸುತ್ತವೆ ಎಂಬುದೂ ಈಗ ಪಠ್ಯದ ಭಾಗ. ಮಗ ಸೇರಲಿ.

ಇದೆಲ್ಲ ಅಮೆರಿಕದಿಂದ ಬಂದ ಹೊಸ ಫ್ಯಾಷನ್ ಅಲ್ಲವೇ?

ಅಮೆರಿಕದ ಪಾಲು ದೊಡ್ಡದು, ಆದರೆ ಅದು ಮೇಲಿನವರು ಕೊಟ್ಟ ಫ್ಯಾಷನ್ ಆಗಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಸ್ಟೇಟ್ ಕಾಲೇಜಿನ ಕಪ್ಪು ವಿದ್ಯಾರ್ಥಿಗಳ ಒಕ್ಕೂಟವೂ ಏಷ್ಯನ್, ಲ್ಯಾಟಿನೊ ವಿದ್ಯಾರ್ಥಿಗಳ ಸಂಘಟನೆಗಳೂ ಸೇರಿ 1968ರ ನವೆಂಬರಿನಿಂದ 1969ರ ಮಾರ್ಚಿನವರೆಗೆ ಮುಷ್ಕರ ಹೂಡಿದ್ದರ ಫಲವಾಗಿ ಅಲ್ಲಿ ಎಥ್ನಿಕ್ ಸ್ಟಡೀಸ್ (ಜನಾಂಗೀಯ ಸಮುದಾಯಗಳ ಅಧ್ಯಯನ) ಎಂಬ ಪ್ರತ್ಯೇಕ ಕಾಲೇಜೇ ಆರಂಭವಾಯಿತು. ತಮ್ಮ ಪೂರ್ವಿಕರ ಚರಿತ್ರೆ ಯಾವ ಪಠ್ಯದಲ್ಲೂ ಇಲ್ಲ, ಪಾಠ ಹೇಳುವವರಲ್ಲಿ ತಮ್ಮವರಿಲ್ಲ ಎಂಬುದು ಅವರ ದೂರಾಗಿತ್ತು. ಮುಂದಿನ ವರ್ಷ, ಅಂದರೆ 1970ರಲ್ಲಿ, ಅದೇ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊದಲ್ಲಿ ಮಹಿಳಾ ಅಧ್ಯಯನದ ಕಾರ್ಯಕ್ರಮ ತೆರೆಯಿತು.

ಭಾರತದ ದಾರಿ ಬೇರೆ. ಇಲ್ಲಿ ವಿಷಯವನ್ನು ಎಬ್ಬಿಸಿದ್ದು ಒಂದು ಸರ್ಕಾರಿ ವರದಿ. ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯನ್ನು ಕೇಂದ್ರ ಸರ್ಕಾರ 1971ರಲ್ಲಿ ನೇಮಿಸಿತು, ವರದಿ 1974ರ ಕೊನೆಗೆ ಬಂತು. ಸಂವಿಧಾನ ಸಮಾನತೆ ಕೊಟ್ಟು ಎರಡು ದಶಕ ಕಳೆದ ಮೇಲೂ ಹೆಂಗಸರ ಪರಿಸ್ಥಿತಿ ಹಲವು ಬಾಬುಗಳಲ್ಲಿ ಹಿಂದಕ್ಕೆ ಸರಿದಿದೆ ಎಂದು ಅದು ತೋರಿಸಿತು. 1901ರಲ್ಲಿ ಸಾವಿರ ಗಂಡಸರಿಗೆ 972ರಷ್ಟಿದ್ದ ಹೆಂಗಸರ ಸಂಖ್ಯೆ 1971ಕ್ಕೆ 930ಕ್ಕೆ ಇಳಿದಿತ್ತು. ಜನಗಣತಿಯ ಪುಸ್ತಕದಲ್ಲಿ ಎಲ್ಲರ ಕಣ್ಣೆದುರೇ ಇದ್ದ ಅಂಕಿಯನ್ನು ಸಮಾಜವಿಜ್ಞಾನಿಗಳು ಅಷ್ಟು ವರ್ಷ ಏಕೆ ಗಂಭೀರವಾಗಿ ಓದಿರಲಿಲ್ಲ ಎಂಬ ಮುಜುಗರ ಹಲವರಿಗಾಯಿತು. 1974ರಲ್ಲೇ ಮುಂಬಯಿಯ ಎಸ್‌ಎನ್‌ಡಿಟಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ಘಟಕ ಆರಂಭವಾಯಿತು, 1981ರಲ್ಲಿ ಅಲ್ಲಿಯೇ ಮೊದಲ ರಾಷ್ಟ್ರೀಯ ಸಮ್ಮೇಳನ ನಡೆಯಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಯುಜಿಸಿ ನೆರವಿನ ಕೇಂದ್ರಗಳು ದೇಶದುದ್ದಕ್ಕೂ ಹರಡಿದವು. ಅರ್ಧ ಶತಮಾನ ದಾಟಿದ ವಿಷಯವನ್ನು ಹೊಸದೆನ್ನುವುದು ಕಷ್ಟ.

ಕರ್ನಾಟಕದಲ್ಲಿ ಎಲ್ಲಿ ಓದಬಹುದು? ಬಿಎ ಆದವರಿಗೆ ಮಾತ್ರವೇ?

ವಿಜಯಪುರದಲ್ಲಿ 2003ರಲ್ಲಿ ಸ್ಥಾಪನೆಯಾದ ರಾಜ್ಯ ಮಹಿಳಾ ವಿಶ್ವವಿದ್ಯಾಲಯ ಈಗ ಅಕ್ಕಮಹಾದೇವಿಯ ಹೆಸರಿನಲ್ಲಿದೆ, ಅಲ್ಲಿ ಮಹಿಳಾ ಅಧ್ಯಯನ ವಿಭಾಗವಿದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ಮತ್ತು ಬುಡಕಟ್ಟು ಅಧ್ಯಯನ ಎರಡೂ ವಿಭಾಗಗಳಿವೆ. ಬುಡಕಟ್ಟುಗಳ ಬಗ್ಗೆ ಆಸಕ್ತಿಯುಳ್ಳವರು ಧಾರವಾಡ ಮತ್ತು ಮೈಸೂರಿನ ಮಾನವಶಾಸ್ತ್ರ ವಿಭಾಗಗಳನ್ನು ಮರೆಯಬಾರದು. ವಿಜ್ಞಾನ, ವಾಣಿಜ್ಯ ಓದಿದವರನ್ನೂ ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ. ಆದರೆ ಯಾವ ವಿಭಾಗ ಯಾವ ವರ್ಷ ಯಾವ ಕೋರ್ಸು ನಡೆಸುತ್ತದೆ ಎಂಬುದು ಬದಲಾಗುತ್ತಲೇ ಇರುವುದರಿಂದ ಆ ವರ್ಷದ ಪ್ರವೇಶ ಪ್ರಕಟಣೆಯನ್ನೇ ನಂಬಬೇಕು. ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಮಂದಿ, ಅತಿಥಿ ಉಪನ್ಯಾಸಕರ ಮೇಲೆಯೇ ನಡೆಯುತ್ತಿದೆಯೇ ಎಂದು ವಿಚಾರಿಸುವುದು ಕಟ್ಟಡ ನೋಡಿ ಬರುವುದಕ್ಕಿಂತ ಉಪಯುಕ್ತ.

ಓದಿದ ಮೇಲೆ ಕೆಲಸ ಸಿಗುತ್ತದೆಯೇ?

ಈ ಪದವಿಯ ಹೆಸರು ನೋಡಿಯೇ ಕರೆದು ಕೊಡುವ ಹುದ್ದೆಗಳು ಕಡಿಮೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಯುಜಿಸಿ ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಒಂದು ವಿಷಯವಾಗಿದೆ, ಆದರೆ ಪಾಸಾದವರ ಸಂಖ್ಯೆಗೆ ತಕ್ಕಷ್ಟು ಅಧ್ಯಾಪಕ ಹುದ್ದೆಗಳು ತುಂಬುತ್ತಿಲ್ಲ. ಹೆಚ್ಚಿನವರು ಸ್ವಯಂಸೇವಾ ಸಂಸ್ಥೆಗಳು, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಯೋಜನೆಗಳು, ಸಮೀಕ್ಷಾ ಸಂಸ್ಥೆಗಳು, ಪತ್ರಿಕೋದ್ಯಮ ಇವುಗಳ ಕಡೆ ಹೋಗುತ್ತಾರೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಎಲ್ಲ ಕಡೆ ಲೈಂಗಿಕ ಕಿರುಕುಳದ ದೂರುಗಳಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುವುದರಿಂದ ಕಂಪನಿಗಳಲ್ಲಿ ತರಬೇತಿ ಕೊಡಬಲ್ಲವರಿಗೂ ಬೇಡಿಕೆ ಇದೆ. ಅಂಕಿಸಂಖ್ಯೆ ಓದಲು ಬಲ್ಲ, ಹಳ್ಳಿಯಲ್ಲಿ ಕುಳಿತು ಜನರನ್ನು ಮಾತಾಡಿಸಬಲ್ಲ, ಇಂಗ್ಲಿಷಿನಲ್ಲೂ ಕನ್ನಡದಲ್ಲೂ ವರದಿ ಬರೆಯಬಲ್ಲ ವಿದ್ಯಾರ್ಥಿ ಖಾಲಿ ಕೂರುವುದು ಅಪರೂಪ. ಈ ಮೂರರಲ್ಲಿ ಒಂದೂ ಬಾರದಿದ್ದರೆ ಪದವಿಯೊಂದೇ ಕಾಪಾಡುವುದಿಲ್ಲ.

## ತರಗತಿಯಲ್ಲಿ ಎದ್ದು ಬರುವ ಪ್ರಶ್ನೆಗಳು

ವಿಜ್ಞಾನದ ಪ್ರಕಾರ ಜನಾಂಗ ಎಂಬುದೇ ಇಲ್ಲ ಅನ್ನುತ್ತೀರಿ. ಇಲ್ಲದ್ದನ್ನು ಓದುವುದೇಕೆ?

ಇಲ್ಲದ್ದನ್ನು ಇದೆ ಎಂದು ನಂಬಿ ಆಡಳಿತ ನಡೆಸಿದ್ದರಿಂದಲೇ ಓದಬೇಕಾಗಿದೆ. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಹರ್ಬರ್ಟ್ ರಿಸ್ಲೆ ಅಳತೆಯ ಕೈವಾರ ಹಿಡಿಸಿ ಭಾರತೀಯರ ಮೂಗು ಅಳೆಸಿದವರು. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸಿದರೆ ಒಂದು ಸೂಚ್ಯಂಕ ಸಿಗುತ್ತದೆ, ಅದು ಕಡಿಮೆಯಾದಷ್ಟೂ ಜಾತಿಯ ಅಂತಸ್ತು ಮೇಲೇರುತ್ತದೆ ಎಂಬುದು ಅವರ ವಾದ. ಇಷ್ಟು ನಿಖರವಾದ ಅಂಕಗಣಿತದಿಂದ ಇಷ್ಟು ಪೊಳ್ಳಾದ ತೀರ್ಮಾನ ಬಂದ ಉದಾಹರಣೆ ಹೆಚ್ಚಿಲ್ಲ. ಯುನೆಸ್ಕೊ 1950ರಲ್ಲಿ ಜನಾಂಗವಾದವನ್ನು ತಳ್ಳಿಹಾಕುವ ಹೇಳಿಕೆ ಹೊರಡಿಸಿತು. ಮನುಷ್ಯರ ಆನುವಂಶಿಕ ವೈವಿಧ್ಯದಲ್ಲಿ ಸುಮಾರು ಶೇ. 85ರಷ್ಟು ಯಾವುದೇ ಒಂದು ಜನಸಮೂಹದ ಒಳಗೇ ಸಿಗುತ್ತದೆ ಎಂದು ತಳಿವಿಜ್ಞಾನಿ ರಿಚರ್ಡ್ ಲೆವಾಂಟಿನ್ 1972ರಲ್ಲಿ ತೋರಿಸಿದರು.

ಆದರೂ ಮುಖ ನೋಡಿ ಅಳೆಯುವ ಚಾಳಿ ನಿಂತಿಲ್ಲ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರಿನಿಂದ ಗುವಾಹಟಿಯ ರೈಲುಗಳನ್ನು ಹತ್ತಿದರು. 2016ರಲ್ಲಿ ಇನ್ನಾರೋ ಮಾಡಿದ ಅಪಘಾತಕ್ಕೆ ಸಿಟ್ಟಾದ ಗುಂಪು ಅದೇ ನಗರದಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಅಪಘಾತ ಮಾಡಿದವನು ಸುಡಾನಿನವನು, ಆಕೆಗೂ ಅವನಿಗೂ ಸಂಬಂಧವಿರಲಿಲ್ಲ. ಗುಂಪಿಗೆ ಬಣ್ಣವೊಂದೇ ಸಾಕಾಗಿತ್ತು.

ಹಾಗಾದರೆ ನಮ್ಮಲ್ಲಿ ಜಾತಿಯೇ ರೇಸ್ ಅಲ್ಲವೇ?

ಎರಡೂ ಒಂದೇ ಅಲ್ಲ, ಆದರೆ ಎರಡರ ಪರಿಣಾಮಗಳನ್ನು ಹೋಲಿಸಲು ಅಡ್ಡಿಯಿಲ್ಲ. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದ ಮಾನವಶಾಸ್ತ್ರದ ಗೋಷ್ಠಿಯಲ್ಲಿ 1916ರ ಮೇ ತಿಂಗಳಲ್ಲಿ ಮಂಡಿಸಿದ ಪ್ರಬಂಧದಲ್ಲೇ ಜಾತಿಯ ಗುಟ್ಟು ಒಳಮದುವೆಯಲ್ಲಿದೆ ಎಂದು ವಾದಿಸಿದ್ದರು. ಒಳಮದುವೆ ಉಳಿಯಬೇಕಾದರೆ ಗಂಡ ಸತ್ತ ಹೆಣ್ಣನ್ನೂ ಮದುವೆಯಾಗದ ಹುಡುಗಿಯನ್ನೂ ಹಿಡಿತದಲ್ಲಿಡಬೇಕಾಗುತ್ತದೆ, ಸತಿ, ಬಲವಂತದ ವೈಧವ್ಯ, ಬಾಲ್ಯವಿವಾಹಗಳು ಆ ಕೆಲಸ ಮಾಡಿದವು ಎಂಬುದು ಅಲ್ಲಿನ ತರ್ಕ. ಇಪ್ಪತ್ತೈದರ ಹರೆಯದ ವಿದ್ಯಾರ್ಥಿ ಜಾತಿಯನ್ನು ವಿವರಿಸಲು ಹೆಣ್ಣಿನ ಮೇಲಿನ ನಿಯಂತ್ರಣದಿಂದ ಹೊರಟದ್ದು ಇಂದಿಗೂ ಬೆರಗು ಹುಟ್ಟಿಸುತ್ತದೆ. ಜಾತಿಗಳು ಬೇರೆ ಬೇರೆ ರಕ್ತದ ಜನಾಂಗಗಳು ಎಂಬ ಮಾತನ್ನು ಅವರು ಮುಂದೆಯೂ ಒಪ್ಪಲಿಲ್ಲ.

2001ರಲ್ಲಿ ಡರ್ಬನ್‌ನಲ್ಲಿ ನಡೆದ ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮ್ಮೇಳನದಲ್ಲಿ ದಲಿತ ಸಂಘಟನೆಗಳು ಜಾತಿಯ ಪ್ರಶ್ನೆ ಎತ್ತಿದಾಗ ಭಾರತ ಸರ್ಕಾರ ಅದು ಜನಾಂಗದ ವಿಷಯವಲ್ಲ ಎಂದು ವಿರೋಧಿಸಿತು. ಶಾಸ್ತ್ರದ ದೃಷ್ಟಿಯಿಂದ ಸರ್ಕಾರದ ವಾದ ಪೂರ್ತಿ ತಪ್ಪಲ್ಲ, ಆದರೆ ಅದನ್ನು ಬಳಸಿದ್ದು ಚರ್ಚೆಯನ್ನು ಮುಚ್ಚಲಿಕ್ಕೆ. ಮರುವರ್ಷ ವಿಶ್ವಸಂಸ್ಥೆಯ ಜನಾಂಗಭೇದ ನಿವಾರಣಾ ಸಮಿತಿಯು ವಂಶಮೂಲದ ಆಧಾರದ ತಾರತಮ್ಯದಲ್ಲಿ ಜಾತಿಯೂ ಸೇರುತ್ತದೆ ಎಂದು ಸ್ಪಷ್ಟಪಡಿಸಿತು. ಕಡಲಾಚೆಯ ಕನ್ನಡಿಗರಿಗೂ ಇದು ಈಗ ದೂರದ ಮಾತಲ್ಲ: ಸಿಯಾಟಲ್ ನಗರ 2023ರ ಫೆಬ್ರುವರಿಯಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿತು, ಅದೇ ವರ್ಷ ಕ್ಯಾಲಿಫೋರ್ನಿಯಾದ ಶಾಸಕಾಂಗ ಒಪ್ಪಿದ ಅಂಥದೇ ಮಸೂದೆಯನ್ನು ಅಲ್ಲಿನ ಗವರ್ನರ್ ತಡೆದರು.

ಸಿದ್ದಿಗಳು ಆಫ್ರಿಕಾದವರೋ ಕನ್ನಡಿಗರೋ?

ಎರಡರಲ್ಲಿ ಒಂದನ್ನೇ ಆರಿಸಬೇಕೆಂದು ಪ್ರಶ್ನೆ ಒತ್ತಾಯಿಸುತ್ತದೆ, ಸಿದ್ದಿಗಳ ಬದುಕು ಒತ್ತಾಯಿಸುವುದಿಲ್ಲ. ಅವರ ಪೂರ್ವಿಕರಲ್ಲಿ ಬಹಳಷ್ಟು ಮಂದಿಯನ್ನು ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗೋವೆಗೆ ಗುಲಾಮರಾಗಿ ತಂದರು, ತಪ್ಪಿಸಿಕೊಂಡವರೂ ಬಿಡುಗಡೆಯಾದವರೂ ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾಗಳ ಸುತ್ತ ಇಂದು ಹಿಂದೂ, ಮುಸ್ಲಿಂ, ಕ್ರೈಸ್ತ ಸಿದ್ದಿಗಳಿದ್ದಾರೆ. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಶಾಲೆಯಲ್ಲಿ ಮತ್ತು ಪೇಟೆಯಲ್ಲಿ ಕನ್ನಡ. ಅದೇ ಆಫ್ರಿಕಾ ಮೂಲದ ಇಖ್ಲಾಸ್ ಖಾನ್ ಹದಿನೇಳನೆಯ ಶತಮಾನದ ವಿಜಯಪುರದಲ್ಲಿ ಆದಿಲಶಾಹಿಯ ಪ್ರಭಾವಿ ಮಂತ್ರಿಯಾಗಿದ್ದ ಎಂಬುದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಮೈಬಣ್ಣ ಅಲ್ಲಿ ಅಧಿಕಾರಕ್ಕೆ ಅಡ್ಡಿಯಾಗಲಿಲ್ಲ, ಕಾಡಂಚಿನ ಜೀತದಲ್ಲಿ ಅಪಮಾನಕ್ಕೆ ಕಾರಣವಾಯಿತು.

ಸರ್ಕಾರ ಅವರನ್ನು ಕಂಡ ಬಗೆಯೂ ಅಧ್ಯಯನಕ್ಕೆ ಯೋಗ್ಯ. 1980ರ ದಶಕದಲ್ಲಿ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಿಗೆ ತರಬೇತಿ ಕೊಟ್ಟಿತು. ಆಫ್ರಿಕಾದ ರಕ್ತವೆಂದರೆ ಪದಕವೆಂಬ ಎಣಿಕೆ ಅದರ ಹಿಂದಿತ್ತು. ಕೆಲವರಿಗೆ ಅದರಿಂದ ನೌಕರಿ ದಕ್ಕಿತು, ಯೋಜನೆ 1990ರ ದಶಕದಲ್ಲಿ ನಿಂತುಹೋಯಿತು. ಹೊಗಳಿಕೆಯ ವೇಷದಲ್ಲಿ ಬಂದರೂ ದೇಹ ನೋಡಿ ಯೋಗ್ಯತೆ ಹೇಳುವುದು ರಿಸ್ಲೆಯ ಪದ್ಧತಿಯೇ. ಇನ್ನು ಪರಿಶಿಷ್ಟ ಪಂಗಡದ ಮಾನ್ಯತೆ 2003ರಲ್ಲಿ ಸಿಕ್ಕಿತು, ಆದರೆ ಉತ್ತರ ಕನ್ನಡ ಜಿಲ್ಲೆಯವರಿಗೆ ಮಾತ್ರ. ಹಳಿಯಾಳದಲ್ಲಿ ಹುಟ್ಟಿದ ಸಿದ್ದಿ ಪರಿಶಿಷ್ಟ ಪಂಗಡದವನು, ಗಡಿ ದಾಟಿ ಕಲಘಟಗಿಯಲ್ಲೋ ಖಾನಾಪುರದಲ್ಲೋ ಇದ್ದ ಅವನ ದಾಯಾದಿ ಆಗಿರಲಿಲ್ಲ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಪಟ್ಟಿಗೆ ಸೇರಲು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಬುಡಕಟ್ಟಿನ ಗುರುತು ರಕ್ತದಲ್ಲಿಲ್ಲ, ತಾಲೂಕು ಕಚೇರಿಯ ಕಾಗದದಲ್ಲಿದೆ ಎಂಬುದಕ್ಕೆ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಬೇಕಿಲ್ಲ.

ತೃತೀಯ ಲಿಂಗಿಗಳಿಗೂ ಅಲೆಮಾರಿ ಬುಡಕಟ್ಟುಗಳಿಗೂ ಏನು ಸಂಬಂಧ? ಒಂದೇ ಪಠ್ಯಪತ್ರಿಕೆಯಲ್ಲಿ ಏಕೆ ಇಟ್ಟಿದ್ದಾರೆ?

ಬ್ರಿಟಿಷರು ಅವರನ್ನು ಒಂದೇ ಕಾಯ್ದೆಯಲ್ಲಿ ಇಟ್ಟಿದ್ದರು. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಮೊದಲ ಭಾಗದ ಪ್ರಕಾರ ಒಂದು ಇಡೀ ಸಮುದಾಯವನ್ನು ಹುಟ್ಟಿನಿಂದಲೇ ಅಪರಾಧಿಯೆಂದು ಘೋಷಿಸಿ, ಹೆಸರು ನೋಂದಾಯಿಸಿ, ಹಾಜರಿ ತೆಗೆದುಕೊಂಡು, ರಹದಾರಿಯಿಲ್ಲದೆ ಊರು ಬಿಡದಂತೆ ತಡೆಯಬಹುದಾಗಿತ್ತು. ಎರಡನೆಯ ಭಾಗ ಹಿಜಡಾ ಸಮುದಾಯವನ್ನು ಕುರಿತದ್ದು. ಶಂಕಿತರ ಹೆಸರು ಮತ್ತು ಆಸ್ತಿಯನ್ನು ಪುಸ್ತಕದಲ್ಲಿ ಬರೆಯಬೇಕು, ಹಾಗೆ ಬರೆಸಿಕೊಂಡವರು ಹೆಣ್ಣುಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ಅಥವಾ ಕುಣಿದರೆ ಎರಡು ವರ್ಷದವರೆಗೆ ಜೈಲು, ಅವರು ಉಯಿಲು ಬರೆಯುವಂತಿಲ್ಲ, ದತ್ತು ತೆಗೆದುಕೊಳ್ಳುವಂತಿಲ್ಲ. ಒಂದೆಡೆ ನೆಲೆನಿಲ್ಲದೆ ಅಲೆಯುವವರು, ಇನ್ನೊಂದೆಡೆ ಗಂಡು ಹೆಣ್ಣೆಂಬ ಎರಡು ಕೋಣೆಗಳಲ್ಲಿ ನಿಲ್ಲದವರು: ಆಡಳಿತಕ್ಕೆ ಇಬ್ಬರೂ ಲೆಕ್ಕಕ್ಕೆ ಸಿಗದ ಜನ.

ಈ ಕಾಯ್ದೆಯ ಗುರುತುಗಳು ಕರ್ನಾಟಕದಲ್ಲಿ ಉಳಿದಿವೆ. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಪ್ರದೇಶ ಮುಂಬಯಿ ಪ್ರಾಂತ್ಯದ ಕಾಲದಲ್ಲಿ ಇಂಥ ಸಮುದಾಯಗಳನ್ನು ತಂತಿಬೇಲಿಯೊಳಗೆ ಕೂಡಿಹಾಕಿದ ಜಾಗ. ಗಂಟಿಚೋರ್ ಎಂದು ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಇಂದಿಗೂ ಇರುವ ಸಮುದಾಯದವರು ಸೌಲಭ್ಯ ಬೇಕೆಂದರೆ ಕಳ್ಳತನದ ಆರೋಪವನ್ನೇ ಹೆಸರಾಗಿ ಹೊತ್ತ ಜಾತಿ ಪ್ರಮಾಣಪತ್ರ ತೋರಿಸಬೇಕು. ಕಾಯ್ದೆ 1952ರ ಆಗಸ್ಟ್ 31ರಂದು ರದ್ದಾಯಿತು, ಆದರೆ ರೂಢಿಗತ ಅಪರಾಧಿಗಳ ಕಾಯ್ದೆಗಳು ಅದರ ಜಾಗಕ್ಕೆ ಬಂದವು, ಕರ್ನಾಟಕದ್ದು 1961ರದು. ಎರಡನೆಯ ಭಾಗ ಮುಗಿದುಹೋಯಿತು ಎಂದುಕೊಂಡಿರುವಾಗ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿ, ಶಂಕಿತ ಹಿಜಡಾಗಳ ಪಟ್ಟಿ ಇಡುವ ಅಧಿಕಾರ ಪೊಲೀಸರಿಗೆ ಮರಳಿ ಸಿಕ್ಕಿತು. 140 ವರ್ಷಗಳ ನಂತರ ಹೆಚ್ಚುಕಡಿಮೆ ಅದೇ ವಾಕ್ಯಗಳು. ಸಮುದಾಯದವರು ಹೈಕೋರ್ಟಿನ ಮೆಟ್ಟಿಲೇರಿದ ಮೇಲೆ ಆ ಪದವನ್ನು ತೆಗೆದುಹಾಕಲಾಯಿತು. ಅದೇ ರಾಜ್ಯ 2021ರಲ್ಲಿ ಸರ್ಕಾರಿ ನೌಕರಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರ ಮೀಸಲಾತಿ ಕೊಟ್ಟಿತು. ಎರಡು ಆದೇಶಗಳ ನಡುವಿನ ಈ ಹತ್ತು ವರ್ಷಗಳಲ್ಲಿ ತೃತೀಯ ಲಿಂಗವನ್ನು ಮಾನ್ಯ ಮಾಡಿದ ಸರ್ವೋಚ್ಚ ನ್ಯಾಯಾಲಯದ 2014ರ ತೀರ್ಪೂ ಸಂಘಟನೆಗಳ ಬೀದಿ ಹೋರಾಟವೂ ಏನೇನು ಬದಲಿಸಿದವು ಎಂಬುದು ಯಾರಾದರೂ ಬರೆಯಬೇಕಾದ ಒಳ್ಳೆಯ ಪ್ರಬಂಧ.

ಜಾತಿ, ಲಿಂಗ ಎರಡನ್ನೂ ಒಟ್ಟಿಗೆ ನೋಡಬೇಕೆಂದರೆ ಹೇಗೆ? ಒಂದು ಉದಾಹರಣೆ ಕೊಡಿ.

ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯ ಮೇಲೆ ಐವರು ಕಪ್ಪು ಹೆಂಗಸರು ಹೂಡಿದ ದಾವೆ ತರಗತಿಯಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಕಾರ್ಖಾನೆಯ ಕೆಲಸಕ್ಕೆ ಕಪ್ಪು ಗಂಡಸರನ್ನು, ಕಚೇರಿ ಕೆಲಸಕ್ಕೆ ಬಿಳಿ ಹೆಂಗಸರನ್ನು ತೆಗೆದುಕೊಳ್ಳುತ್ತಿದ್ದ ಕಂಪನಿ ಕಪ್ಪು ಹೆಂಗಸರನ್ನು 1964ಕ್ಕೆ ಮೊದಲು ಸೇರಿಸಿಕೊಂಡೇ ಇರಲಿಲ್ಲ. ಮುಂದೆ ಸೇವಾ ಹಿರಿತನದ ಲೆಕ್ಕದಲ್ಲಿ ಜನರನ್ನು ತೆಗೆದಾಗ ಅವರೇ ಮೊದಲು ಹೊರಬಿದ್ದರು. ಹೆಂಗಸರನ್ನೂ ತೆಗೆದುಕೊಂಡಿದ್ದಾರೆ, ಕಪ್ಪು ಜನರನ್ನೂ ತೆಗೆದುಕೊಂಡಿದ್ದಾರೆ, ಎರಡನ್ನೂ ಕೂಡಿಸಿ ಹೊಸದೊಂದು ದೂರು ಹುಟ್ಟಿಸಲಾಗದು ಎಂದು ಕೋರ್ಟು 1976ರಲ್ಲಿ ಹೇಳಿತು. ಕಾನೂನು ವಿದ್ವಾಂಸೆ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ತೀರ್ಪಿನ ಕುರುಡನ್ನು ತೋರಿಸಿ ಇಂಟರ್‌ಸೆಕ್ಷನಾಲಿಟಿ, ಅಂದರೆ ಹಲವು ತಾರತಮ್ಯಗಳು ಒಬ್ಬರ ಮೇಲೆಯೇ ಒಟ್ಟಿಗೆ ಹೆಣೆದುಕೊಳ್ಳುವುದು, ಎಂಬ ಪರಿಕಲ್ಪನೆ ಕೊಟ್ಟರು.

ಇದನ್ನು ಬೆಂಗಳೂರಿನ ಬೀದಿಯಲ್ಲಿ ಬೆಳಗಿನ ಜಾವ ನೋಡಬಹುದು. ಪೊರಕೆ ಹಿಡಿದು ಗುಡಿಸುವ ಪೌರಕಾರ್ಮಿಕರಲ್ಲಿ ಹೆಚ್ಚಿನವರು ದಲಿತ ಹೆಂಗಸರು, ಆಟೊ ಟಿಪ್ಪರ್ ಓಡಿಸುವವರು, ಹಾಜರಿ ಹಾಕುವ ಮೇಸ್ತ್ರಿಗಳು ಹೆಚ್ಚಾಗಿ ಗಂಡಸರು. ಕೆಲಸ ಯಾರ ಪಾಲಿಗೆ ಎಂಬುದನ್ನು ಜಾತಿ ಹೇಳಿದರೆ, ಆ ಕೆಲಸದೊಳಗೆ ಪೊರಕೆಯೋ ಸ್ಟಿಯರಿಂಗೋ ಎಂಬುದನ್ನು ಲಿಂಗ ಹೇಳುತ್ತದೆ. ಬೀದಿಯಲ್ಲಿ ಶೌಚಾಲಯವಿಲ್ಲದ ತೊಂದರೆ ಕಾರ್ಮಿಕ ಸಂಘದ ಬೇಡಿಕೆಗಳಲ್ಲಿ ಎಷ್ಟನೆಯ ಸಾಲಿನಲ್ಲಿ ಬರುತ್ತದೆ ಎಂದು ನೋಡಿದರೆ ಉಳಿದದ್ದೂ ತಿಳಿಯುತ್ತದೆ.

## ಸಂಶೋಧನೆಗೆ ಹೊರಟವರಿಗೆ

ನಾನು ಆ ಸಮುದಾಯದವನಲ್ಲ. ಅವರ ಬಗ್ಗೆ ಪಿಎಚ್‌ಡಿ ಮಾಡಬಹುದೇ?

ಮಾಡಬಹುದು, ಆದರೆ ನೀವು ಎಲ್ಲಿ ನಿಂತು ನೋಡಿದಿರಿ ಎಂಬುದು ಪ್ರಬಂಧದಲ್ಲಿ ಇರಬೇಕು. ಮೈಸೂರಿನವರಾದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂದು ಹೆಸರಿಟ್ಟ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದಾಗ ಊರ ಪಟೇಲರಿಗೆ ಸೇರಿದ, ಎತ್ತು ಕಟ್ಟುವ ಮನೆಯಲ್ಲಿ ತಂಗಿದ್ದರು. ಬ್ರಾಹ್ಮಣ ಅತಿಥಿಯೊಬ್ಬನ ಮೇಲೆ ಊರು ಹೇರುವ ಕಟ್ಟಳೆಗಳಿಂದ ತಮಗೆ ಎಲ್ಲ ಕೇರಿಗಳೂ ಸಮನಾಗಿ ತೆರೆಯಲಿಲ್ಲ ಎಂದು ಅವರೇ ಬರೆದಿದ್ದಾರೆ. ಪ್ರಬಲ ಜಾತಿ (ಜನಸಂಖ್ಯೆ, ಭೂಮಿಗಳ ಬಲದಿಂದ ಊರಿನಲ್ಲಿ ಮೇಲುಗೈ ಪಡೆದ ಜಾತಿ) ಎಂಬ ಅವರ ಪರಿಕಲ್ಪನೆ ಅಷ್ಟು ಗಟ್ಟಿಯಾಗಿ ಮೂಡಿದ್ದಕ್ಕೆ ಪಟೇಲರ ಜಗಲಿ ಕಾರಣವಾಗಿರಬಹುದು, ಹೊಲಗೇರಿಯಿಂದ ಊರು ಹೇಗೆ ಕಾಣುತ್ತದೆ ಎಂಬುದು ಅಲ್ಲಿ ತೆಳುವಾದದ್ದಕ್ಕೂ ಅದೇ ಕಾರಣವಾಗಿರಬಹುದು. ಆ ಸಮುದಾಯದವರೇ ಬರೆದ ಆತ್ಮಕಥೆ, ಪ್ರಬಂಧ, ಕರಪತ್ರಗಳನ್ನು ಓದದೆ ನೇರ ಪ್ರಶ್ನಾವಳಿ ಹಿಡಿದು ಹೋಗುವವರಿಗೆ ಮಾತ್ರ ಬೇಡ ಎನ್ನಬೇಕಾಗುತ್ತದೆ.

ಹಳ್ಳಿಯಲ್ಲಿ ಜಾತಿ ಕೇಳುವುದು ಹೇಗೆ? ಜನ ಸಿಟ್ಟಾಗುವುದಿಲ್ಲವೇ?

ಮೊದಲ ಭೇಟಿಯಲ್ಲೇ ಕೇಳಬಾರದು, ಗುಂಪಿನ ನಡುವೆ ಯಾವತ್ತೂ ಕೇಳಬಾರದು. ನಿಮ್ಮ ಜಾತಿಯನ್ನು ಅವರು ಮೊದಲು ಕೇಳುತ್ತಾರೆ, ಸುಳ್ಳು ಹೇಳಬೇಡಿ. ಹೇಳಿದ್ದನ್ನು ಬರೆದುಕೊಳ್ಳುವ ಮುಂಚೆ ಒಪ್ಪಿಗೆ ಪಡೆಯಿರಿ, ಅಕ್ಷರ ಬಾರದವರಿಂದ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಬಾಯಿಮಾತಿನ ಒಪ್ಪಿಗೆಯನ್ನು ದಾಖಲಿಸುವುದು ಲೇಸು, ಏಕೆಂದರೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ನೆನಪು ಹಲವು ಮನೆಗಳಲ್ಲಿದೆ.

ಹೊರದೇಶಕ್ಕೆ ಅರ್ಜಿ ಹಾಕಬೇಕೆಂದಿದ್ದೇನೆ. ಅಲ್ಲಿ ಈ ವಿಭಾಗಗಳನ್ನೇ ಮುಚ್ಚುತ್ತಿದ್ದಾರಂತೆ, ನಿಜವೇ?

ಕೆಲವು ಕಡೆ ನಿಜ. ಹಂಗೆರಿ ಸರ್ಕಾರ 2018ರಲ್ಲಿ ಜೆಂಡರ್ ಸ್ಟಡೀಸ್ ಸ್ನಾತಕೋತ್ತರ ಪದವಿಯ ಮಾನ್ಯತೆ ಹಿಂತೆಗೆದುಕೊಂಡಿತು. ಫ್ಲೋರಿಡಾದ ನ್ಯೂ ಕಾಲೇಜಿನ ಆಡಳಿತ ಮಂಡಳಿ 2023ರಲ್ಲಿ ಆ ವಿಭಾಗವನ್ನು ರದ್ದುಪಡಿಸುವತ್ತ ಮತ ಹಾಕಿತು. ಇನ್ನೊಂದು ಕಡೆ ಕ್ಯಾಲಿಫೋರ್ನಿಯಾ ಸ್ಟೇಟ್ ವಿಶ್ವವಿದ್ಯಾಲಯಗಳಲ್ಲಿ ಪದವಿ ಪಡೆಯಲು ಎಥ್ನಿಕ್ ಸ್ಟಡೀಸ್‌ನ ಒಂದು ಕೋರ್ಸನ್ನಾದರೂ ಓದಲೇಬೇಕೆಂಬ ಕಾನೂನು 2020ರಲ್ಲಿ ಬಂತು. ಹಾಗಾಗಿ ದೇಶವನ್ನಲ್ಲ, ರಾಜ್ಯ ಮತ್ತು ವಿಶ್ವವಿದ್ಯಾಲಯವನ್ನು ನೋಡಿ ಆರಿಸಿ. ಅರ್ಜಿಯಲ್ಲಿ ಸಿದ್ಧಾಂತಿಗಳ ಹೆಸರುಗಳನ್ನು ಸಾಲಾಗಿ ಜೋಡಿಸಿದರೆ ನಿಮ್ಮದು ನೂರರಲ್ಲಿ ಒಂದಾಗುತ್ತದೆ, ಕೊರಗ ಅಥವಾ ಜೇನುಕುರುಬ ಹಾಡಿಯೊಂದರ ಅರಣ್ಯಹಕ್ಕು ಅರ್ಜಿಗಳಿಗೆ ಏನಾಯಿತು ಎಂದು ನೀವು ನೋಡಿ ತಿಳಿದದ್ದಿದ್ದರೆ ಅದನ್ನೇ ಮೊದಲ ಪುಟದಲ್ಲಿ ಬರೆಯಿರಿ.

ಪ್ರಬಂಧವನ್ನು ಕನ್ನಡದಲ್ಲೇ ಬರೆಯಬಹುದೇ? ಬೆಲೆ ಇರುತ್ತದೆಯೇ?

ಹಂಪಿಯಲ್ಲಿ ಬರವಣಿಗೆಯ ಭಾಷೆಯೇ ಕನ್ನಡ. ಬೇರೆ ವಿಶ್ವವಿದ್ಯಾಲಯಗಳಲ್ಲಿ ನಿಯಮ ವಿಭಾಗಕ್ಕೊಂದರಂತಿರುವುದರಿಂದ ಸಿನಾಪ್ಸಿಸ್ (ಸಂಶೋಧನೆಯ ಸಾರಾಂಶ) ಸಲ್ಲಿಸುವ ಮೊದಲೇ ಮಾರ್ಗದರ್ಶಕರಿಂದ ಖಚಿತಪಡಿಸಿಕೊಳ್ಳಬೇಕು. ಹೊರಗಿನ ಉದ್ಯೋಗಗಳಿಗೆ ಇಂಗ್ಲಿಷಿನಲ್ಲಿ ಒಂದೆರಡು ಲೇಖನಗಳಾದರೂ ಬೇಕಾಗುತ್ತವೆ. ಆದರೆ ನೀವು ಮಾತಾಡಿಸಿದ ಜನ ಅಥವಾ ಅವರ ಮಕ್ಕಳು ಓದಿ ತಕರಾರು ತೆಗೆಯಬಲ್ಲ ಪ್ರಬಂಧ ಕನ್ನಡದ್ದು ಮಾತ್ರ, ಆ ತಕರಾರನ್ನು ಮೌಲ್ಯಮಾಪಕರ ವರದಿಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಬೇಕು. ಕರಡು ಸಿದ್ಧವಾದಾಗ ಒಂದು ಪ್ರತಿಯನ್ನು ಆ ಊರಿಗೆ ಒಯ್ದು ಓದಿಸಿ, ಅಂತಿಮ ಪ್ರತಿಯನ್ನು ಸಲ್ಲಿಸುವುದು ಆಮೇಲೆ.